ಪತ್ರಿಕೆಯ ಮನೆಯಿಂದ ಬಂದ ರಾಜಕಾರಣಿ: ಎಂ.ಪಿ. ವೀರೇಂದ್ರ ಕುಮಾರ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡಿನ ಕನ್ನಡಿಗರಲ್ಲಿ ಎಷ್ಟೋ ಜನರಿಗೆ ವಿಧಾನಸೌಧದ ಒಳಜಗಳ ಬಾಯಿಪಾಠ. ಆದರೆ ನಾವು ಮತ ಹಾಕುವ ಕೇರಳದ ರಾಜಕೀಯ ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ. ಹಾಗಿದ್ದರೂ ಒಂದು ಹೆಸರು ಮಾತ್ರ ಮದುವೆ ಊಟದ ಸಾಲಿನಲ್ಲೂ ಓದುಗರ ಪತ್ರಗಳಲ್ಲೂ ಮತ್ತೆ ಮತ್ತೆ ಬರುತ್ತದೆ. ಮಾತೃಭೂಮಿ ಪತ್ರಿಕೆಯ ವೀರೇಂದ್ರ ಕುಮಾರ್. ಜನ ಕೇಳಿದ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಲ್ಲಿ ಇಟ್ಟಿದ್ದೇನೆ. ಸುಲಭದ್ದು ಮೊದಲು, ಗಂಟು ಬಿಡಿಸಬೇಕಾದ್ದು ಆಮೇಲೆ.

ಮೊದಲ ಪರಿಚಯ

ಈ ವೀರೇಂದ್ರ ಕುಮಾರ್ ಅಂದ್ರೆ ಯಾರು? ಚುಟುಕಾಗಿ ಹೇಳಿ.

ವಯನಾಡಿನ ಕಲ್ಪೆಟ್ಟದವರು. 1936ರ ಜುಲೈ 22ರಂದು ಹುಟ್ಟಿದರು. ಸಮಾಜವಾದಿ ನಾಯಕ, ಮಲಯಾಳಂ ಲೇಖಕ, ಮಾತೃಭೂಮಿಯ ಆಡಳಿತ ನಿರ್ದೇಶಕ. ಒಮ್ಮೆ ಶಾಸಕ, ಎರಡು ಸಲ ಕೋಯಿಕ್ಕೋಡಿನ ಲೋಕಸಭಾ ಸದಸ್ಯ, ಎರಡು ಸಲ ರಾಜ್ಯಸಭೆಗೆ ಆಯ್ಕೆ. ರಾಜ್ಯಸಭಾ ಸದಸ್ಯರಾಗಿದ್ದಾಗಲೇ 2020ರ ಮೇ 28ರಂದು ಕೋಯಿಕ್ಕೋಡಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಆಗ ವಯಸ್ಸು 83.

ಧರ್ಮಸ್ಥಳದ ಹೆಗ್ಗಡೆಯವರಿಗೂ ಇವರಿಗೂ ಏನಾದ್ರೂ ಸಂಬಂಧ ಉಂಟಾ?

ಹೆಸರು ಒಂದೇ ರೀತಿ, ಇಬ್ಬರೂ ಜೈನರು, ಇಬ್ಬರೂ ರಾಜ್ಯಸಭೆ ಕಂಡವರು. ಗೊಂದಲ ಆಗುವುದು ಸಹಜ. ಆದರೆ ಮನೆತನ ಬೇರೆ, ದಾರಿಯೂ ಬೇರೆ. ಡಿ. ವೀರೇಂದ್ರ ಹೆಗ್ಗಡೆಯವರು 2022ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡವರು. ಕಲ್ಪೆಟ್ಟದ ವೀರೇಂದ್ರ ಕುಮಾರ್ ಅಷ್ಟು ಹೊತ್ತಿಗೆ ತೀರಿಕೊಂಡು ಎರಡು ವರ್ಷ ಆಗಿತ್ತು.

ಅಪ್ಪನ ಹೆಸರಲ್ಲಿ ಗೌಡರ್ ಅಂತ ಇದೆ. ಹಾಗಾದ್ರೆ ಇವರು ನಮ್ಮವರೇ ಅಲ್ವಾ?

ನನಗೆ ಅತಿ ಹೆಚ್ಚು ಸಲ ಬಂದ ಪ್ರಶ್ನೆ ಇದು. ಕೇಳುವವರ ದನಿಯಲ್ಲಿ ಸ್ವಲ್ಪ ಆಸೆಯೂ ಇರುತ್ತದೆ.

ತಂದೆ ಎಂ.ಕೆ. ಪದ್ಮಪ್ರಭ ಗೌಡರ್, ತಾಯಿ ಮರುದೇವಿ ಅವ್ವ. ವಯನಾಡಿನ ಜೈನ ಗೌಡರ ಹಿರಿಯರು ಕರ್ನಾಟಕದ ಕಡೆಯಿಂದ ಘಟ್ಟದ ಕಾಡಿಗೆ ಬಂದು ನೆಲೆಸಿದವರು. ಕಲ್ಪೆಟ್ಟದ ಹತ್ತಿರ ಪುಳಿಯಾರ್‌ಮಲೆಯಲ್ಲಿ ಅನಂತನಾಥ ಸ್ವಾಮಿಯ ಬಸದಿ ಇದೆ, ಸುಲ್ತಾನ್ ಬತ್ತೇರಿಯಲ್ಲಿ ಅದಕ್ಕಿಂತ ತುಂಬ ಹಳೆಯ ಕಲ್ಲಿನ ಬಸದಿ ಇದೆ. ನಮ್ಮ ಬಂಗ್ರ ಮಂಜೇಶ್ವರದ ಬಸದಿ ನೋಡಿದವರಿಗೆ ಅಲ್ಲಿ ಕಾಲಿಟ್ಟರೆ ಅಪರಿಚಿತ ಅನ್ನಿಸುವುದಿಲ್ಲ.

ಹಾಗಂತ ಅವರನ್ನು ಕನ್ನಡದ ರಾಜಕಾರಣಿ ಅಂತ ಕರೆದರೆ ತಪ್ಪಾಗುತ್ತದೆ. ಭಾಷಣ, ಬರಹ, ಪತ್ರಿಕೆ, ಮತದಾರರು ಎಲ್ಲ ಮಲಯಾಳಂನವರು. ಕಾಸರಗೋಡಿನ ಭಾಷಾ ಹೋರಾಟದ ಹೆಸರುಗಳೇ ಬೇರೆ. ಮಂಜೇಶ್ವರದಿಂದ ಗೆದ್ದ ಉಮೇಶ ರಾವ್, ಕಳ್ಳಿಗೆ ಮಹಾಬಲ ಭಂಡಾರಿ, ಕವಿ ಕಯ್ಯಾರ ಕಿಞ್ಞಣ್ಣ ರೈ, ಇಂಥವರು. ವೀರೇಂದ್ರ ಕುಮಾರ್ ಕರ್ನಾಟಕ ಮೂಲದ ಮನೆಯಲ್ಲಿ ಹುಟ್ಟಿ ಪೂರ್ತಿ ಕೇರಳದವರಾಗಿ ಬೆಳೆದವರು. ಗಡಿಯ ಜನರಾದ ನಮಗೆ ಇದರಲ್ಲಿ ಆಶ್ಚರ್ಯ ಪಡುವಂಥದ್ದು ಏನಿದೆ?

ಮಾತೃಭೂಮಿ ಇವರ ಅಪ್ಪ ಶುರು ಮಾಡಿದ ಪತ್ರಿಕೆಯಾ?

ಅಲ್ಲ. ಹೆಚ್ಚಿನವರು ಹಾಗೇ ತಿಳಿದುಕೊಂಡಿದ್ದಾರೆ.

ಮಾತೃಭೂಮಿ ಹುಟ್ಟಿದ್ದು 1923ರ ಮಾರ್ಚ್ 18ರಂದು, ಕೋಯಿಕ್ಕೋಡಿನಲ್ಲಿ. ಕೆ.ಪಿ. ಕೇಶವ ಮೇನೋನ್ ಮೊದಲ ಸಂಪಾದಕರು. ಗಾಂಧೀಜಿಯ ಚಳವಳಿಗೆ ದನಿಯಾಗಲಿ ಅಂತ ಕಾಂಗ್ರೆಸ್ಸಿಗರು ಶೇರು ಕೂಡಿಸಿ ಕಟ್ಟಿದ ಕಂಪನಿ ಅದು. ಮೊದಲು ವಾರಕ್ಕೆ ಮೂರು ದಿನ ಬರುತ್ತಿತ್ತು, 1930ರಲ್ಲಿ ದಿನಪತ್ರಿಕೆ ಆಯಿತು. ಮಲಯಾಳ ಮನೋರಮದ ಹಾಗೆ ಒಂದೇ ಮನೆತನದಲ್ಲಿ ಹುಟ್ಟಿ ಬೆಳೆದ ಪತ್ರಿಕೆ ಇದಲ್ಲ.

ವೀರೇಂದ್ರ ಕುಮಾರ್ ಆಡಳಿತ ನಿರ್ದೇಶಕರಾದದ್ದು 1979ರಲ್ಲಿ. ಆಗಿನಿಂದ ಪತ್ರಿಕೆಯ ಚುಕ್ಕಾಣಿ ಬಹುಪಾಲು ಅವರ ಕೈಯಲ್ಲೇ ಇತ್ತು. ಅದೂ ಒಬ್ಬರದೇ ಹಿಡಿತ ಅಲ್ಲ. ಕೋಯಿಕ್ಕೋಡಿನ ಉದ್ಯಮಿ ಮನೆತನದ ಪಿ.ವಿ. ಚಂದ್ರನ್ ಮ್ಯಾನೇಜಿಂಗ್ ಎಡಿಟರ್ ಆಗಿ ಜೊತೆಗಿದ್ದರು. ಎಂಬತ್ತರ ದಶಕದ ಕೊನೆಗೆ ಟೈಮ್ಸ್ ಆಫ್ ಇಂಡಿಯಾ ಗುಂಪಿನ ಕಡೆಯವರು ಮಾತೃಭೂಮಿಯ ಶೇರು ಕೊಳ್ಳಲು ಹೊರಟಾಗ ದೊಡ್ಡ ಗಲಾಟೆಯೇ ಆಯಿತು. ವಿಷಯ ಕೋರ್ಟ್ ಮೆಟ್ಟಿಲು ಹತ್ತಿತು. ಪತ್ರಿಕೆ ಕೇರಳದವರ ಕೈಯಲ್ಲೇ ಉಳಿಯಿತು. ಮಾತೃಭೂಮಿ ಅಂದರೆ ವೀರೇಂದ್ರ ಕುಮಾರ್ ಅನ್ನುವ ಮಾತು ಗಟ್ಟಿಯಾದದ್ದೂ ಆ ಕಾಲದಲ್ಲೇ ಅಂತ ನನ್ನ ಲೆಕ್ಕ.

ಅಷ್ಟು ದೊಡ್ಡ ತೋಟದ ಮನೆಯವರು ಸೋಷಲಿಸ್ಟ್ ಆದದ್ದು ಹೇಗೆ ಮಾರಾಯ್ರೆ?

ಅಪ್ಪನೂ ಸೋಷಲಿಸ್ಟೇ. ಕಾಫಿ, ಕರಿಮೆಣಸಿನ ತೋಟದ ಮನೆಯಲ್ಲೇ ಆ ಗಾಳಿ ಇತ್ತು. ಮಗನಿಗೆ ವಿದ್ಯಾರ್ಥಿಯಾಗಿದ್ದಾಗ ಪಕ್ಷದ ಸದಸ್ಯತ್ವ ಕೊಟ್ಟದ್ದು ಜಯಪ್ರಕಾಶ ನಾರಾಯಣ್. ಮದರಾಸಿನ ವಿವೇಕಾನಂದ ಕಾಲೇಜಿನಲ್ಲಿ ತತ್ವಶಾಸ್ತ್ರದ ಎಂ.ಎ., ಆಮೇಲೆ ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಎಂ.ಬಿ.ಎ. ಬಂಡವಾಳಶಾಹಿಯ ಪಾಠ ಕಲಿತು ಬಂದು ಲೋಹಿಯಾವಾದಿಗಳ ಸಂಯುಕ್ತ ಸೋಷಲಿಸ್ಟ್ ಪಕ್ಷದ ಅಖಿಲ ಭಾರತ ಖಜಾಂಚಿಯಾದರು!

ಕರ್ನಾಟಕದವರಿಗೆ ಇದು ಹೊಸದಲ್ಲ. ಶಾಂತವೇರಿ ಗೋಪಾಲಗೌಡರ ಸುತ್ತ ನೆರೆದ ಮಲೆನಾಡಿನ ಹುಡುಗರಲ್ಲೂ ಅಡಿಕೆ ತೋಟದ ಮನೆಯವರು ಬೇಕಾದಷ್ಟು ಜನ ಇದ್ದರು.

ತುರ್ತು ಪರಿಸ್ಥಿತಿಯಲ್ಲಿ ಭೂಗತರಾದರು, ಆಸ್ತಿ ಜಪ್ತಿ ಆಯಿತು, ಸಿಕ್ಕಿಬಿದ್ದು ಕಣ್ಣೂರು ಸೆಂಟ್ರಲ್ ಜೈಲು ಸೇರಿದರು. ಸಿಪಿಎಂ ನಾಯಕ ಪಿಣರಾಯಿ ವಿಜಯನ್ ಅವರನ್ನು ಇಟ್ಟದ್ದೂ ಅದೇ ಜೈಲಿನಲ್ಲಿ. ಇದನ್ನು ನೆನಪಿಡಿ, ಮುಂದಿನ ಕಥೆಗೆ ಬೇಕಾಗುತ್ತದೆ.

ಚುನಾವಣೆ, ಪಕ್ಷ, ಕುರ್ಚಿ

ಎರಡೇ ದಿನ ಮಂತ್ರಿ ಆಗಿದ್ದರಂತೆ. ನಿಜವಾ, ಸುಮ್ನೆ ಹೇಳೋದಾ?

ನಿಜ. 1987ರಲ್ಲಿ ಕಲ್ಪೆಟ್ಟದಿಂದ ಶಾಸಕರಾದರು. ಮುಖ್ಯಮಂತ್ರಿ ಇ.ಕೆ. ನಾಯನಾರ್ ಮಂತ್ರಿಮಂಡಲದಲ್ಲಿ ಅರಣ್ಯ ಖಾತೆ ಸಿಕ್ಕಿತು. ಕುರ್ಚಿಯಲ್ಲಿ ಕೂತು ಮೊದಲು ಹೊರಡಿಸಿದ ಆದೇಶ ಕಾಡಿನ ಮರ ಕಡಿಯಬಾರದು ಅಂತ. 48 ಗಂಟೆ ಆಗುವುದರೊಳಗೆ ರಾಜೀನಾಮೆ. ಅವರ ಜನತಾ ಪಕ್ಷದೊಳಗೆ ಯಾರು ಮಂತ್ರಿಯಾಗಬೇಕು ಅನ್ನುವ ಜಗಳ ಜೋರಾಗಿತ್ತು. ಮುಂದೆ ಆ ಜಾಗಕ್ಕೆ ಅದೇ ಪಕ್ಷದ ಎನ್.ಎಂ. ಜೋಸೆಫ್ ಬಂದರು.

ಮರದ ಆದೇಶದಿಂದಲೇ ಕುರ್ಚಿ ಹೋಯಿತು ಅಂತ ಕೆಲವರು ಕಥೆ ಕಟ್ಟುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಬೆರಳೆಣಿಕೆಯ ಶಾಸಕರ ಸಣ್ಣ ಪಕ್ಷದಲ್ಲಿ ಒಂದು ಮಂತ್ರಿ ಪದವಿ ಇದ್ದರೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು.

ದೇವೇಗೌಡರು ಪ್ರಧಾನಿ ಆಗಿದ್ದಾಗ ಇವರದ್ದು ಯಾವ ಖಾತೆ?

1997ರ ಫೆಬ್ರವರಿಯಲ್ಲಿ ಹಣಕಾಸು ರಾಜ್ಯ ಸಚಿವರಾದರು. ಗುಜ್ರಾಲ್ ಕಾಲದಲ್ಲಿ ಕಾರ್ಮಿಕ ಖಾತೆಯ ಸ್ವತಂತ್ರ ಹೊಣೆ.

ತಮಾಷೆ ಗಮನಿಸಿ. ಹಣಕಾಸು ಮಂತ್ರಿ ಪಿ. ಚಿದಂಬರಂ. ತೆರಿಗೆ ಇಳಿಸಿ ಉದ್ಯಮಿಗಳಿಂದ ಕನಸಿನ ಬಜೆಟ್ ಅಂತ ಹೊಗಳಿಸಿಕೊಂಡದ್ದು ಅದೇ ಫೆಬ್ರವರಿಯ ಬಜೆಟ್. ಪಕ್ಕದ ಕುರ್ಚಿಯಲ್ಲಿ ಊರೂರು ಸುತ್ತಿ ಜಾಗತೀಕರಣವನ್ನು ಬೈದ ವೀರೇಂದ್ರ ಕುಮಾರ್! ಕಾರ್ಮಿಕ ಖಾತೆ ಸಿಕ್ಕಾಗ ಅವರಿಗೇ ಸಮಾಧಾನ ಆಗಿರಬೇಕು.

ಒಟ್ಟು ಎಷ್ಟು ಸಲ ಗೆದ್ದರು, ಎಲ್ಲೆಲ್ಲಿ ಸೋತರು?

ಕೋಯಿಕ್ಕೋಡಿನಲ್ಲಿ 1991ರಲ್ಲಿ ಕೆ. ಕರುಣಾಕರನ್ ಮಗ ಕೆ. ಮುರಳೀಧರನ್ ಎದುರು ಸೋತರು. 1996ರಲ್ಲಿ ಅದೇ ಮುರಳೀಧರನ್‌ರನ್ನು ಸೋಲಿಸಿ ಲೋಕಸಭೆಗೆ ಹೋದರು. 1998ರಲ್ಲಿ ಕಾಂಗ್ರೆಸ್ಸಿನ ಪಿ. ಶಂಕರನ್ ಗೆದ್ದರು. 1999ರಲ್ಲಿ ಜನತಾದಳದಿಂದ ಅಲ್ಲಿ ನಿಂತು ಸೋತದ್ದು ನಮಗೆಲ್ಲ ಗೊತ್ತಿರುವ ಸಿ.ಎಂ. ಇಬ್ರಾಹಿಂ. 2004ರಲ್ಲಿ ವೀರೇಂದ್ರ ಕುಮಾರ್ ಮತ್ತೆ ಗೆದ್ದರು.

2014ರಲ್ಲಿ ಕ್ಷೇತ್ರ ಬದಲಾಯಿಸಿ ಪಾಲಕ್ಕಾಡಿಗೆ ಹೋದರು. ಸಿಪಿಎಂನ ಎಂ.ಬಿ. ರಾಜೇಶ್ ಒಂದು ಲಕ್ಷಕ್ಕೂ ಜಾಸ್ತಿ ಮತಗಳಿಂದ ಸೋಲಿಸಿದರು. ಅದೇ ಕೊನೆಯ ನೇರ ಚುನಾವಣೆ. 2016 ಮತ್ತು 2018ರದ್ದು ರಾಜ್ಯಸಭೆ.

ಹೋರಾಟಗಳು

ಪ್ಲಾಚಿಮಡದಲ್ಲಿ ಕೊಕಾ ಕೋಲಾ ಮುಚ್ಚಿಸಿದ್ದು ಇವರೇನಾ?

ಮುಚ್ಚಿಸಿದ್ದು ಅಲ್ಲಿನ ಜನ. ಮುಂದೆ ನಿಂತವರು ಆದಿವಾಸಿ ಹೆಂಗಸರು, ಮಯಿಲಮ್ಮ ಅವರಲ್ಲಿ ಎದ್ದು ಕಾಣುವ ಹೆಸರು. ವೀರೇಂದ್ರ ಕುಮಾರ್ ಆ ದನಿಯನ್ನು ಕೇರಳದ ಮನೆಮನೆಗೆ ಮುಟ್ಟಿಸಿದರು.

ಊರು ಇರುವುದು ಪಾಲಕ್ಕಾಡು ಜಿಲ್ಲೆಯ ಪೆರುಮಾಟ್ಟಿ ಪಂಚಾಯತಿಯಲ್ಲಿ, ತಮಿಳುನಾಡಿನ ಗಡಿಗೆ ಹತ್ತಿರ. ಮಳೆ ಕಡಿಮೆ ಬೀಳುವ ಜಾಗ. ಕಾರ್ಖಾನೆ 2000ದಲ್ಲಿ ಶುರುವಾಯಿತು, ದಿನಕ್ಕೆ ಲಕ್ಷಗಟ್ಟಲೆ ಲೀಟರ್ ನೀರು ಎತ್ತತೊಡಗಿತು. ಸುತ್ತಲಿನ ಬಾವಿಗಳು ಇಳಿದವು. ಉಳಿದ ನೀರಿನ ರುಚಿ ಕೆಟ್ಟಿತು. ಅದರಲ್ಲಿ ಅನ್ನ ಸರಿಯಾಗಿ ಬೇಯುವುದಿಲ್ಲ, ಮೈ ತೊಳೆದರೆ ತುರಿಕೆ ಅಂತ ಹೆಂಗಸರು ದೂರಿದರು. ಕುಡಿಯುವ ನೀರಿಗೆ ಕೊಡ ಹೊತ್ತು ದೂರ ನಡೆಯಬೇಕಾಯಿತು. ಕಾರ್ಖಾನೆಯ ಕೆಸರನ್ನು ಗೊಬ್ಬರ ಅಂತ ರೈತರಿಗೆ ಕೊಟ್ಟಿದ್ದರು. ಅದರಲ್ಲಿ ಸೀಸ, ಕ್ಯಾಡ್ಮಿಯಂ ಇದೆ ಅಂತ 2003ರಲ್ಲಿ ಬಿಬಿಸಿ ಬಯಲು ಮಾಡಿತು.

2002ರ ಏಪ್ರಿಲ್ 22ರಂದು ಗೇಟಿನ ಎದುರು ಚಪ್ಪರ ಹಾಕಿ ಧರಣಿ ಕೂತರು. ಮರುವರ್ಷ ಪಂಚಾಯತಿ ಲೈಸೆನ್ಸ್ ನವೀಕರಿಸಲಿಲ್ಲ. ಆ ಪಂಚಾಯತಿ ಜನತಾದಳದ ಕೈಯಲ್ಲಿತ್ತು ಅನ್ನುವುದನ್ನು ಮರೆಯಬೇಡಿ. ಪಕ್ಷದ ನಾಯಕನೇ ಪತ್ರಿಕೆ ನಡೆಸುವವನು. ಎರಡೂ ಕೈ ಒಂದೇ ಕಡೆ ಎಳೆದವು. 2004ರ ಜನವರಿಯಲ್ಲಿ ಅಲ್ಲಿ ವಿಶ್ವ ಜಲ ಸಮ್ಮೇಳನ ನಡೆಯಿತು. ವಂದನಾ ಶಿವ, ಕೆನಡಾದ ಮಾಡ್ ಬಾರ್ಲೊ, ಫ್ರಾನ್ಸಿನ ರೈತ ನಾಯಕ ಜೋಸೆ ಬೋವೆ ಬಂದರು. ಅದರ ಹಿಂದೆ ವೀರೇಂದ್ರ ಕುಮಾರ್ ಮತ್ತು ಮಾತೃಭೂಮಿಯ ಶ್ರಮ ಇತ್ತು. ಅದೇ ಮಾರ್ಚ್‌ನಲ್ಲಿ ಕಾರ್ಖಾನೆ ನಿಂತಿತು, ಮತ್ತೆ ಶುರುವಾಗಲಿಲ್ಲ.

ನಷ್ಟ 216.26 ಕೋಟಿ ರೂಪಾಯಿ ಅಂತ ಸರ್ಕಾರದ ಉನ್ನತ ಸಮಿತಿ 2010ರಲ್ಲಿ ಲೆಕ್ಕ ಹಾಕಿತು. ಪರಿಹಾರಕ್ಕೆ ನ್ಯಾಯಮಂಡಳಿ ಬೇಕು ಅಂತ ಕೇರಳ ವಿಧಾನಸಭೆ 2011ರಲ್ಲಿ ಮಸೂದೆಯನ್ನೂ ಒಪ್ಪಿತು. ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬೀಳಲಿಲ್ಲ. ಅವರ ಇಡೀ ರಾಜಕೀಯ ಜೀವನದಲ್ಲಿ ಒಂದೇ ಒಂದು ಕೆಲಸ ಆರಿಸು ಅಂದರೆ ನಾನು ಪ್ಲಾಚಿಮಡವನ್ನೇ ಆರಿಸುತ್ತೇನೆ.

ನಮ್ಮ ಎಂಡೋಸಲ್ಫಾನ್ ವಿಷಯದಲ್ಲಿ ಮಾತೃಭೂಮಿ ಏನಾದ್ರೂ ಮಾಡಿತಾ?

ಮಾಡಿತು. ಈ ಕೀಟನಾಶಕದಿಂದ ನರಳುತ್ತಿದ್ದ ಎಣ್ಮಕಜೆ, ಪಡ್ರೆ, ಸ್ವರ್ಗದ ಕಡೆಯ ಮಕ್ಕಳ, ಮಾತೃಭೂಮಿಯ ಛಾಯಾಗ್ರಾಹಕ ಮಧುರಾಜ್ ತೆಗೆದ ಫೋಟೊಗಳು ಕೇರಳವನ್ನು ಅಲುಗಾಡಿಸಿದವು. ಅಂಕಿ ಅಂಶ ಓದಿ ಸುಮ್ಮನಿದ್ದವರು ಚಿತ್ರ ನೋಡಿ ಮಾತಾಡಿದರು.

ಆದರೆ ಮೊದಲ ದನಿ ಯಾವುದು ಅಂತ ಕೇಳಿದರೆ ನಾವು ಸಂಕೋಚ ಪಡಬೇಕಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರ್ ವಿಷ ಸುರಿಯುತ್ತಿದ್ದ ಶುರುವಿನ ವರ್ಷಗಳಲ್ಲೇ ಊನ ಹೊತ್ತು ಹುಟ್ಟುವ ಕರುಗಳ ಬಗ್ಗೆ ಬರೆದವರು ನಮ್ಮ ಪತ್ರಕರ್ತ ಶ್ರೀಪಡ್ರೆ. ಹಳ್ಳಿಯಲ್ಲಿ ರೋಗಿಗಳನ್ನು ನೋಡುತ್ತಲೇ ಅನುಮಾನ ಪಟ್ಟವರು ಡಾ. ವೈ.ಎಸ್. ಮೋಹನ್ ಕುಮಾರ್. ಮಲಯಾಳಂ ಪತ್ರಿಕೆಗಳು ಆಮೇಲೆ ಬಂದವು. ತಿರುವನಂತಪುರದವರೆಗೆ ಕೇಳಿಸಿದ್ದು ಅವು ಬಂದ ಮೇಲೆಯೇ, ಅದನ್ನೂ ಒಪ್ಪಿಕೊಳ್ಳಬೇಕು. ಸುಪ್ರೀಂ ಕೋರ್ಟ್ ನಿಷೇಧ ಹೇರಿದ್ದು 2011ರ ಮೇ ತಿಂಗಳಲ್ಲಿ.

ಗ್ಯಾಟ್ ಒಪ್ಪಂದದ ವಿರುದ್ಧ ಭಾಷಣ ಮಾಡ್ತಿದ್ದರು ಅಂತ ಹಿರಿಯರು ಹೇಳ್ತಾರೆ.

ಹೌದು. ತೊಂಬತ್ತರ ದಶಕದ ಆರಂಭದಲ್ಲಿ ಗ್ಯಾಟ್ ಎಂಬ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ಡಂಕೆಲ್ ಕರಡು ಬಂದಾಗ ಕೇರಳದಲ್ಲಿ ಅದನ್ನು ಹಳ್ಳಿಯವರಿಗೆ ಅರ್ಥವಾಗುವ ಹಾಗೆ ಬಿಡಿಸಿ ಹೇಳಿದವರಲ್ಲಿ ಅವರೂ ಮುಖ್ಯರು. ಅದೇ ಹೊತ್ತಿಗೆ ಇತ್ತ ಕರ್ನಾಟಕದಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ 1992ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಕಾರ್ಗಿಲ್ ಕಚೇರಿಗೆ ನುಗ್ಗಿತ್ತು. ಒಬ್ಬರದ್ದು ಬೀದಿ, ಇನ್ನೊಬ್ಬರದ್ದು ಅಂಕಣ ಮತ್ತು ವೇದಿಕೆ.

ಬರೆದದ್ದೂ ಅವರೇನಾ, ಯಾರಾದ್ರೂ ಬರೆದುಕೊಟ್ಟದ್ದಾ?

ಪತ್ರಿಕೆಯ ಯಜಮಾನ ಪುಸ್ತಕ ಬರೆದರೆ ಇಂಥ ಅನುಮಾನ ಎಲ್ಲ ಊರಲ್ಲೂ ಬರುತ್ತದೆ. ಅವರ ಭಾಷಣ ಕೇಳಿದವರು ಈ ಪ್ರಶ್ನೆ ಕೇಳುವುದಿಲ್ಲ. ಮಾತೂ ಬರಹವೂ ಒಂದೇ ದಾಟಿ: ಉಪನಿಷತ್ತಿನಿಂದ ನದಿಗೆ, ನದಿಯಿಂದ ರಾಜಕೀಯಕ್ಕೆ ಹಾರುತ್ತಾ ಹೋಗುವುದು. ಸ್ವಲ್ಪ ಉದ್ದ ಜಾಸ್ತಿ ಅಂತ ನನ್ನ ದೂರು. ಹಿಮಾಲಯ ಪ್ರವಾಸದ ಪುಸ್ತಕ ‘ಹೈಮವತಭೂವಿಲ್’ಗೆ 2010ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆಮೇಲೆ ಮೂರ್ತಿದೇವಿ ಪ್ರಶಸ್ತಿಯೂ ಬಂತು. ತಂದೆಯ ಹೆಸರಿನ ಪದ್ಮಪ್ರಭ ಪುರಸ್ಕಾರ ಇವತ್ತಿಗೂ ಮಲಯಾಳಂ ಸಾಹಿತ್ಯದಲ್ಲಿ ಮರ್ಯಾದೆಯ ಪ್ರಶಸ್ತಿ.

ಸ್ವಲ್ಪ ಒಳಗಿನ ಪ್ರಶ್ನೆಗಳು

ದೇವೇಗೌಡರ ಜೊತೆ ಇದ್ದವರು ಬಿಟ್ಟು ಹೋದದ್ದು ಯಾಕೆ? ಎಷ್ಟು ಪಕ್ಷ ಬದಲಾಯಿಸಿದರು?

ಕಾರಣ ಒಂದು ಸೀಟು. 2009ರ ಲೋಕಸಭಾ ಚುನಾವಣೆಗೆ ಕೋಯಿಕ್ಕೋಡನ್ನು ಸಿಪಿಎಂ ತಾನೇ ಇಟ್ಟುಕೊಂಡಿತು. ಹಾಲಿ ಸಂಸದರಾಗಿದ್ದ ವೀರೇಂದ್ರ ಕುಮಾರ್‌ಗೆ ಟಿಕೆಟ್ ಇಲ್ಲ. ಜೆಡಿಎಸ್‌ನ ಮಂತ್ರಿ ಮ್ಯಾಥ್ಯೂ ಟಿ. ಥಾಮಸ್ ರಾಜೀನಾಮೆ ಕೊಟ್ಟರು. ಸಿಪಿಎಂ ಅಲ್ಲಿ ಪಿ.ಎ. ಮುಹಮ್ಮದ್ ರಿಯಾಸ್‌ರನ್ನು ನಿಲ್ಲಿಸಿತು. ಎಣಿಕೆ ಮುಗಿದಾಗ ಕಾಂಗ್ರೆಸ್ಸಿನ ಎಂ.ಕೆ. ರಾಘವನ್ ಗೆದ್ದಿದ್ದರು. ಅಂತರ ಬರೀ 838 ಮತ. ಒಂದು ಸಣ್ಣ ಪಕ್ಷವನ್ನು ಕಡೆಗಣಿಸಿದ್ದಕ್ಕೆ ತೆತ್ತ ಬೆಲೆ ಅಂತ ಆಗ ತುಂಬ ಜನ ಲೆಕ್ಕ ಹಾಕಿದರು.

ಪಕ್ಷ ಎರಡಾಯಿತು. ಮ್ಯಾಥ್ಯೂ ಟಿ. ಥಾಮಸ್ ಗುಂಪು ಜೆಡಿಎಸ್ ಹೆಸರಿನಲ್ಲಿ ಸಿಪಿಎಂ ನೇತೃತ್ವದ ಎಡರಂಗದಲ್ಲೇ ಉಳಿಯಿತು. ವೀರೇಂದ್ರ ಕುಮಾರ್ 2010ರಲ್ಲಿ ಸೋಷಲಿಸ್ಟ್ ಜನತಾ (ಡೆಮಾಕ್ರಟಿಕ್) ಕಟ್ಟಿ ಕಾಂಗ್ರೆಸ್ ರಂಗಕ್ಕೆ ಹೋದರು. 2014ರ ಕೊನೆಗೆ ಅದು ನಿತೀಶ್ ಕುಮಾರ್ ಅವರ ಜೆಡಿಯುನಲ್ಲಿ ಸೇರಿತು. 2017ರಲ್ಲಿ ನಿತೀಶ್ ಬಿಜೆಪಿ ಕೈ ಹಿಡಿದರು. ವೀರೇಂದ್ರ ಕುಮಾರ್ ಡಿಸೆಂಬರ್‌ನಲ್ಲಿ ರಾಜ್ಯಸಭೆಗೆ ರಾಜೀನಾಮೆ ಕೊಟ್ಟರು. 2018ರ ಮಾರ್ಚ್‌ನಲ್ಲಿ ಎಡರಂಗದ ಬೆಂಬಲದಿಂದ ಮತ್ತೆ ಅದೇ ಸದನಕ್ಕೆ ಬಂದರು. ಆಮೇಲೆ ಶರದ್ ಯಾದವ್ ಅವರ ಲೋಕತಾಂತ್ರಿಕ್ ಜನತಾದಳ.

ಬೋರ್ಡು ಬದಲಾದದ್ದು ಲೆಕ್ಕಕ್ಕೆ ಸಿಗದಷ್ಟು. ಆದರೆ ಬಿಜೆಪಿ ಇರುವ ಕೂಟಕ್ಕೆ ಮಾತ್ರ ಅವರು ಕಾಲಿಡಲಿಲ್ಲ. ರಾಜ್ಯಸಭೆಯ ಅವಧಿ ನಾಲ್ಕು ವರ್ಷಕ್ಕೂ ಜಾಸ್ತಿ ಉಳಿದಿರುವಾಗ ಬಿಟ್ಟು ಎದ್ದದ್ದನ್ನು ಸುಮ್ನೆ ನಾಟಕ ಅನ್ನಲಾಗುವುದಿಲ್ಲ. ಮತ್ತೆ ಗೆಲ್ಲುವ ದಾರಿ ಅಷ್ಟರಲ್ಲಿ ಕಂಡಿತ್ತು ಅನ್ನುವುದೂ ಸುಳ್ಳಲ್ಲ.

ಸಿಪಿಎಂಗೂ ಮಾತೃಭೂಮಿಗೂ ಆಗ್ತಾ ಇರಲಿಲ್ಲ. ಮತ್ತೆ ಒಂದಾದದ್ದು ಹೇಗೆ?

ಎಡರಂಗದಲ್ಲಿ ಇದ್ದುಕೊಂಡೇ ಅವರ ಪತ್ರಿಕೆ ಲಾವಲಿನ್ ಪ್ರಕರಣದಲ್ಲಿ, ಅಂದರೆ ಜಲವಿದ್ಯುತ್ ಕೇಂದ್ರಗಳ ನವೀಕರಣದ ಗುತ್ತಿಗೆಯ ಹಗರಣದ ಆರೋಪದಲ್ಲಿ, ಪಿಣರಾಯಿಯವರನ್ನು ಕುಟುಕುತ್ತಿತ್ತು. 2007ರಲ್ಲಿ ಪಿಣರಾಯಿ ಬಹಿರಂಗ ವೇದಿಕೆಯಲ್ಲೇ ಮಾತೃಭೂಮಿಯ ಸಂಪಾದಕರನ್ನು ಏಕವಚನದಲ್ಲಿ ಗದರಿದರು. ಎರಡು ವರ್ಷದ ಮೇಲೆ ಸೀಟು ತಪ್ಪಿದಾಗ ಇವೆರಡನ್ನೂ ಜನ ಗಂಟು ಹಾಕಿ ನೋಡಿದ್ದು ಸಹಜ.

ಒಂದು ದಶಕ ಕಳೆಯುವ ಹೊತ್ತಿಗೆ ಇಬ್ಬರಿಗೂ ಇಬ್ಬರೂ ಬೇಕಾದರು. ಕಣ್ಣೂರು ಜೈಲಿನ ಹಳೆಯ ದಿನಗಳ ಮಾತು ಆಗ ಮತ್ತೆ ಕೇಳಿಬಂತು. ರಾಜಕೀಯದಲ್ಲಿ ಜೈಲಿನ ನೆನಪು ಯಾವಾಗ ಬೇಕೋ ಆವಾಗ ಬರುತ್ತದೆ.

ಪತ್ರಿಕೆ ಕೈಯಲ್ಲಿದ್ದರೆ ಗೆಲ್ಲೋದು ಸುಲಭ ಅಲ್ವಾ?

ಅವರ ಬದುಕು ನೋಡಿದರೆ ಹಾಗೆ ಕಾಣುವುದಿಲ್ಲ. ಕೇರಳದ ಎರಡನೇ ದೊಡ್ಡ ಪತ್ರಿಕೆಯ ಚುಕ್ಕಾಣಿ ಹಿಡಿದವರು ಪಾಲಕ್ಕಾಡಿನಲ್ಲಿ ಲಕ್ಷ ಮತಗಳಿಂದ ಸೋತರು. ಮಾತೃಭೂಮಿ ಓದುವವರಲ್ಲಿ ಕಾಂಗ್ರೆಸ್ಸಿಗರು, ಕಮ್ಯುನಿಸ್ಟರು, ಸಂಘದವರು ಎಲ್ಲರೂ ಇದ್ದಾರೆ. ಬೆಳಿಗ್ಗೆ ಪತ್ರಿಕೆ ಓದಿ ಸಂಜೆ ತಮ್ಮ ಪಕ್ಷದ ಸಭೆಗೆ ಹೋಗುವವರು ಅವರು.

ಪತ್ರಿಕೆ ಅವರಿಗೆ ಕೊಟ್ಟದ್ದು ಬೇರೆ. ಬೆರಳೆಣಿಕೆಯ ಶಾಸಕರ ಪಕ್ಷದ ನಾಯಕನಿಗೆ ದೊಡ್ಡ ಪಕ್ಷಗಳು ಕುರ್ಚಿ ಹಾಕಿ ಕೂರಿಸಿದ್ದರ ಹಿಂದೆ ಮಾತೃಭೂಮಿಯ ತೂಕ ಇತ್ತು. ಸುದ್ದಿ ಸಂಸ್ಥೆ ಪಿಟಿಐಯ ಅಧ್ಯಕ್ಷತೆ, ಇಂಡಿಯನ್ ನ್ಯೂಸ್‌ಪೇಪರ್ ಸೊಸೈಟಿಯ ಅಧ್ಯಕ್ಷತೆ ಬಂದದ್ದೂ ಅದರಿಂದಲೇ. ಅವರ ಭಾಷಣಕ್ಕೆ, ಪುಸ್ತಕಕ್ಕೆ ಅವರದೇ ಪತ್ರಿಕೆಯಲ್ಲಿ ಧಾರಾಳ ಜಾಗ ಸಿಗುತ್ತಿತ್ತು. ದಿನಾ ಓದುವ ಯಾರಿಗೂ ಅದು ಗುಟ್ಟಲ್ಲ. ಆದರೆ ಸಾಹಿತ್ಯಕ್ಕೆ ಆ ಬಳಗ ಕೊಟ್ಟ ಜಾಗವನ್ನು ನೋಡಿ ನಮಗೆ ಕನ್ನಡದಲ್ಲಿ ಹೊಟ್ಟೆಕಿಚ್ಚು ಪಡಲು ಕಾರಣ ಇದೆ.

ಬೇರೆ ಗಡಿ ರಾಜ್ಯಗಳಲ್ಲಿ ಇಂಥ ಮನೆತನ ಇದೆಯಾ?

ಇದೆ. ತಮಿಳುನಾಡಿನಲ್ಲಿ ಸಿ.ಬಾ. ಆದಿತ್ತನಾರ್ 1942ರಲ್ಲಿ ದಿನತಂತಿ ಕಟ್ಟಿದರು, 1967ರಲ್ಲಿ ವಿಧಾನಸಭೆಯ ಸ್ಪೀಕರ್ ಆದರು. ಮಹಾರಾಷ್ಟ್ರದಲ್ಲಿ ಲೋಕಮತದ ದರ್ಡಾ ಮನೆತನ: ಜವಾಹರಲಾಲ್ ದರ್ಡಾ ರಾಜ್ಯದಲ್ಲಿ ಮಂತ್ರಿ, ಮಗ ವಿಜಯ್ ದರ್ಡಾ 1998ರಿಂದ 2016ರವರೆಗೆ ರಾಜ್ಯಸಭೆಯಲ್ಲಿ. ಆಂಧ್ರದಲ್ಲಿ ಕ್ರಮವೇ ತಿರುಗುಮುರುಗು. ಮೊದಲು ರಾಜಕೀಯ, ಆಮೇಲೆ 2008ರಲ್ಲಿ ಜಗನ್ ಮೋಹನ್ ರೆಡ್ಡಿಯವರ ಸಾಕ್ಷಿ ಪತ್ರಿಕೆ. ಕನ್ನಡದಲ್ಲಿ ಹತ್ತಿರದ ಉದಾಹರಣೆ ಅಂದರೆ ಸಂಯುಕ್ತ ಕರ್ನಾಟಕದ ಆರ್.ಆರ್. ದಿವಾಕರ್. ಕೇಂದ್ರದಲ್ಲಿ ವಾರ್ತಾ ಮಂತ್ರಿಯಾಗಿ, ಬಿಹಾರದ ರಾಜ್ಯಪಾಲರಾಗಿ ಇದ್ದವರು. ಆದರೆ ಅಲ್ಲಿ ಪತ್ರಿಕೆ ಟ್ರಸ್ಟಿನದ್ದು, ಮನೆತನದ್ದಲ್ಲ.

ಈಗ ಮಗ ಏನು ಮಾಡ್ತಿದ್ದಾರೆ?

ಎಂ.ವಿ. ಶ್ರೇಯಾಂಸ್ ಕುಮಾರ್ ಅಪ್ಪನ ಎರಡೂ ದೋಣಿಗಳಲ್ಲಿ ಕಾಲಿಟ್ಟಿದ್ದಾರೆ. ಮಾತೃಭೂಮಿಯ ಆಡಳಿತ ನಿರ್ದೇಶಕರು. 2006 ಮತ್ತು 2011ರಲ್ಲಿ ಕಲ್ಪೆಟ್ಟದಿಂದ ಶಾಸಕರಾದರು, 2016ರಲ್ಲಿ ಸಿಪಿಎಂನ ಸಿ.ಕೆ. ಶಶೀಂದ್ರನ್ ಎದುರು ಸೋತರು. ಅಪ್ಪ ತೀರಿಕೊಂಡು ತೆರವಾದ ರಾಜ್ಯಸಭಾ ಸ್ಥಾನಕ್ಕೆ 2020ರ ಆಗಸ್ಟ್‌ನಲ್ಲಿ 88 ಮತ ಪಡೆದು ಗೆದ್ದರು. 2021ರಲ್ಲಿ ಕಲ್ಪೆಟ್ಟದಲ್ಲಿ ಎಡರಂಗದಿಂದ ನಿಂತು ಕಾಂಗ್ರೆಸ್ಸಿನ ಟಿ. ಸಿದ್ದಿಕ್ ಎದುರು ಮತ್ತೆ ಸೋತರು. 2023ರ ಅಕ್ಟೋಬರ್‌ನಲ್ಲಿ ಪಕ್ಷವನ್ನು ಲಾಲು ಪ್ರಸಾದ್ ಅವರ ಆರ್‌ಜೆಡಿಯಲ್ಲಿ ಸೇರಿಸಿದರು. ಕೋಯಿಕ್ಕೋಡಿನ ಆ ಸಭೆಗೆ ತೇಜಸ್ವಿ ಯಾದವ್ ಬಂದಿದ್ದರು.